ಉಪ್ಪು ಎಲ್ಲಿಂದ ಬರುತ್ತಿದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಉಪ್ಪಿನ ಬಗ್ಗೆಯೇ ಇವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಇವತ್ತು ಉಪ್ಪು, ಅದರ ಜೊತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಖನಿಜಗಳ ಮಾತು ಮಾತ್ರ.

ಆಹಾರ ತಜ್ಞೆಯಾಗಿ ಕೆಲಸಕ್ಕೆ ಸೇರಿ ನನಗೆ 22 ವರ್ಷ ಆಯಿತು. ಮೊದಲ ದಿನದಿಂದಲೂ ನನ್ನ ಮೇಜಿನ ಮೇಲೆ ಒಂದು ಪುಟ್ಟ ತಕ್ಕಡಿ ಇದೆ. ಪಕ್ಕದಲ್ಲೇ ಉಪ್ಪಿನ ಡಬ್ಬಿ, ಒಂದು ಚಮಚ, ಒಂದು ಬಟ್ಟಲು. ಬಂದವರಿಗೆ ನಾನು ಮೊದಲು ಹೇಳುವುದು ಒಂದೇ: "ದಿನಕ್ಕೆ ಎಷ್ಟು ಉಪ್ಪು ತಿನ್ನುತ್ತೀರಿ ಅನ್ನಿಸುತ್ತದೋ ಅಷ್ಟನ್ನು ಈ ಬಟ್ಟಲಿಗೆ ಹಾಕಿ." ಹೆಚ್ಚಿನವರು ಒಂದು ಚಿಟಿಕೆ ಹಾಕಿ ಕೈ ತೆಗೆಯುತ್ತಾರೆ. ತೂಗಿದರೆ ಒಂದು ಗ್ರಾಂ ಕೂಡ ಇರುವುದಿಲ್ಲ. ಆಮೇಲೆ ಇಬ್ಬರೂ ಕೂತು ಹಿಂದಿನ ದಿನ ತಿಂದಿದ್ದನ್ನೆಲ್ಲ ಬರೆದು ಲೆಕ್ಕ ಹಾಕಿದರೆ ಎಂಟು, ಒಂಬತ್ತು, ಕೆಲವೊಮ್ಮೆ ಹನ್ನೆರಡು ಗ್ರಾಂ ಆಗುತ್ತದೆ. ಅವರು ಸುಳ್ಳು ಹೇಳಿರುವುದಿಲ್ಲ. ಕಣ್ಣಿಗೆ ಕಾಣುವ ಉಪ್ಪನ್ನಷ್ಟೇ ಎಣಿಸಿರುತ್ತಾರೆ.

ಮೇಡಂ, ನನಗೆ 56 ವರ್ಷ. ಬಿ.ಪಿ. 150/94 ಬಂದ ಮೇಲೆ ಊಟದ ಮೇಜಿನಿಂದ ಉಪ್ಪಿನ ಡಬ್ಬಿಯನ್ನೇ ಎತ್ತಿಟ್ಟೆವು. ಎರಡು ತಿಂಗಳಾಯಿತು, ಬಿ.ಪಿ. ಅಲ್ಲೇ ಇದೆ. ಬೆಳಿಗ್ಗೆ ನಾಲ್ಕು ಹೋಳು ಬ್ರೆಡ್, ಎರಡು ಹಾಳೆ ಚೀಸ್. ಸಂಜೆ ಒಂದು ಬಟ್ಟಲು ಪ್ಯಾಕೆಟ್ ಸೂಪ್. ಮಂಡಿ ನೋವಿಗೆ ದಿನಾ ನಾಲ್ಕು ಪ್ಯಾರಾಸಿಟಮಾಲ್, ನೀರಿಗೆ ಹಾಕಿದರೆ ಬುಸ್ ಅಂತ ಕರಗುವ ಮಾತ್ರೆ. ಉಪ್ಪಿಗೂ ಬಿ.ಪಿ.ಗೂ ನಿಜವಾಗಿ ಸಂಬಂಧ ಇದೆಯಾ?

ನೀವು ತಿನ್ನುವುದನ್ನೆಲ್ಲ ಇಷ್ಟು ವಿವರವಾಗಿ ಬರೆದಿದ್ದು ತುಂಬಾ ಒಳ್ಳೆಯದಾಯಿತು. ಉತ್ತರ ನಿಮ್ಮ ಪತ್ರದಲ್ಲೇ ಇದೆ.

ಲೆಕ್ಕ ಹಾಕೋಣ. ಉಪ್ಪಿನಲ್ಲಿ ಬಿ.ಪಿ. ಏರಿಸುವುದು ಮುಖ್ಯವಾಗಿ ಅದರಲ್ಲಿರುವ ಸೋಡಿಯಂ. ಬ್ರೆಡ್ಡಿನ ಒಂದು ಹೋಳಿನಲ್ಲಿ ಸುಮಾರು 150 ಮಿಲಿಗ್ರಾಂ ಸೋಡಿಯಂ ಇರುತ್ತದೆ. ನಾಲ್ಕು ಹೋಳಿಗೆ 600. ಚೀಸ್ ಹಾಳೆ ಎರಡಕ್ಕೆ ಸುಮಾರು 500. ಪ್ಯಾಕೆಟ್ ಸೂಪ್ ಒಂದು ಬಟ್ಟಲಿಗೆ 800 ಆಸುಪಾಸು. ಇಷ್ಟಕ್ಕೇ 1,900 ಆಯಿತು. ಬ್ರಾಂಡ್‌ನಿಂದ ಬ್ರಾಂಡ್‌ಗೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ, ಪ್ಯಾಕೆಟ್ಟಿನ ಹಿಂಬದಿ ನೋಡಿಕೊಳ್ಳಿ.

ಇನ್ನು ಆ ಮಾತ್ರೆ. ಅದು ಬುಸ್ ಅನ್ನುವುದೇ ಅದರಲ್ಲಿರುವ ಸೋಡಿಯಂ ಬೈಕಾರ್ಬೊನೇಟ್‌ನಿಂದ, ಅಂದರೆ ಅಡುಗೆ ಸೋಡಾದಿಂದ. ನೀರಿನಲ್ಲಿ ಕರಗುವ ಇಂಥ 500 ಮಿ.ಗ್ರಾಂ ಮಾತ್ರೆ ಒಂದರಲ್ಲಿ ಸುಮಾರು 400 ಮಿ.ಗ್ರಾಂ ಸೋಡಿಯಂ ಇರುತ್ತದೆ. ನಾಲ್ಕಕ್ಕೆ 1,600. ಒಟ್ಟು 3,500. ಮಧ್ಯಾಹ್ನದ ಊಟ, ರಾತ್ರಿ ಊಟದ ಅಡುಗೆಗೆ ಹಾಕಿದ ಉಪ್ಪು ಈ ಲೆಕ್ಕಕ್ಕೆ ಇನ್ನೂ ಬಂದೇ ಇಲ್ಲ.

ದೊಡ್ಡವರಿಗೆ ದಿನಕ್ಕೆ 2,000 ಮಿ.ಗ್ರಾಂ ಸೋಡಿಯಂಗಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನ ಲೆಕ್ಕದಲ್ಲಿ ಅದು 5 ಗ್ರಾಂ, ತಲೆ ಸವರಿದ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ. ಪ್ಯಾಕೆಟ್ ಮೇಲೆ ಸೋಡಿಯಂ ಅಂತ ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ, ಉಪ್ಪಿನ ತೂಕ ಸಿಗುತ್ತದೆ. ನಿಮ್ಮ 3,500 ಅಂದರೆ ಹತ್ತಿರ ಹತ್ತಿರ 9 ಗ್ರಾಂ ಉಪ್ಪಿಗೆ ಸಮ. ಮೇಜಿನ ಮೇಲಿನ ಡಬ್ಬಿ ಎತ್ತಿಟ್ಟಿದ್ದು ಸರಿಯೇ. ಆದರೆ ಉಪ್ಪು ಅಲ್ಲಿಂದ ಬರುತ್ತಲೇ ಇರಲಿಲ್ಲ.

ಉಪ್ಪಿಗೂ ಬಿ.ಪಿ.ಗೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರ ಜೊತೆ ಹೊರಬರುವ ಉಪ್ಪು ಹೆಚ್ಚುಕಮ್ಮಿ ಒಂದೂವರೆ ಕಿಲೋ! ಅದರಲ್ಲಿ ನೂರಕ್ಕೆ 99 ಪಾಲನ್ನು ವಾಪಸ್ ರಕ್ತಕ್ಕೇ ಎಳೆದುಕೊಳ್ಳುತ್ತವೆ. ಉಪ್ಪನ್ನು ಉಳಿಸಿಕೊಳ್ಳುವುದರಲ್ಲಿ ಅವು ಅಷ್ಟು ಗಟ್ಟಿ. ಹೆಚ್ಚಾದದ್ದನ್ನು ದಿನದಿನವೂ ಹೊರಹಾಕುವುದು ಅವಕ್ಕೆ ಅಷ್ಟು ಸಲೀಸಲ್ಲ. ವಯಸ್ಸಾದಂತೆ, ಬಿ.ಪಿ. ಇದ್ದವರಲ್ಲಿ ಇನ್ನೂ ಕಷ್ಟ. ಸೋಡಿಯಂ ಎಲ್ಲಿ ಉಳಿಯುತ್ತದೋ ನೀರು ಅಲ್ಲಿ ನಿಲ್ಲುತ್ತದೆ. ಅದೇ ರಕ್ತನಾಳಗಳಲ್ಲಿ ಓಡುವ ದ್ರವ ಹೆಚ್ಚಾಗುತ್ತದೆ, ಒತ್ತಡ ಏರುತ್ತದೆ.

ಇದನ್ನು ಚೆನ್ನಾಗಿ ತೋರಿಸಿದ ಒಂದು ಪ್ರಯೋಗದ ಫಲಿತಾಂಶ 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 412 ಜನರಿಗೆ ಊಟವನ್ನು ಸಂಶೋಧಕರೇ ತಯಾರಿಸಿ ಕೊಟ್ಟು, ಸೋಡಿಯಂ ಅನ್ನು ಮೂರು ಮಟ್ಟದಲ್ಲಿ ಬದಲಿಸಿ ನೋಡಿದರು. ಒಂದೊಂದು ಮಟ್ಟಕ್ಕೆ 30 ದಿನ. ಅರ್ಧ ಜನಕ್ಕೆ ಅಲ್ಲಿನ ಮಾಮೂಲಿ ಊಟ. ಇನ್ನರ್ಧ ಜನಕ್ಕೆ ಹಣ್ಣು, ತರಕಾರಿ, ಕೊಬ್ಬು ಕಡಿಮೆ ಇರುವ ಹಾಲು ಜಾಸ್ತಿ ಇರುವ ಊಟ. ಬಿ.ಪಿ. ಇದ್ದವರನ್ನು ನೋಡಿದರೆ, ಮಾಮೂಲಿ ಊಟ ಜಾಸ್ತಿ ಉಪ್ಪಿನಲ್ಲಿ ಉಂಡವರಿಗಿಂತ, ಹಣ್ಣು ತರಕಾರಿಯ ಊಟವನ್ನು ಕಡಿಮೆ ಉಪ್ಪಿನಲ್ಲಿ ಉಂಡವರ ಮೇಲಿನ ಅಂಕಿ 11.5ರಷ್ಟು ಕಡಿಮೆ ಇತ್ತು. ಒಂದು ಮಾತ್ರೆ ಮಾಡುವ ಕೆಲಸ ಅದು. ಬಿ.ಪಿ. ಇಲ್ಲದವರಲ್ಲೂ 7.1ರ ವ್ಯತ್ಯಾಸ ಕಂಡಿತು.

ಇಲ್ಲಿ ತರಕಾರಿ ಯಾಕೆ ಬಂತು ಅಂತೀರಾ? ಪೊಟ್ಯಾಸಿಯಂಗಾಗಿ. ಪೊಟ್ಯಾಸಿಯಂ ಚೆನ್ನಾಗಿ ಸಿಕ್ಕರೆ ಮೂತ್ರಪಿಂಡ ಸೋಡಿಯಂ ಅನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ದಿನಕ್ಕೆ ಕನಿಷ್ಠ 3,510 ಮಿ.ಗ್ರಾಂ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲ್ಲರೂ ಬಾಳೆಹಣ್ಣಿನ ಹೆಸರು ಹೇಳುತ್ತಾರೆ. ಒಂದು ಹಣ್ಣಿನಲ್ಲಿರುವುದು 420 ಮಿ.ಗ್ರಾಂ ಆಸುಪಾಸು ಅಷ್ಟೇ. ಸಿಪ್ಪೆ ಸಮೇತ ಬೇಯಿಸಿದ ಒಂದು ಮಧ್ಯಮ ಗಾತ್ರದ ಆಲೂಗಡ್ಡೆಯಲ್ಲಿ ಅದರ ಎರಡರಷ್ಟು ಇದೆ. ಬೇಳೆಕಾಳು, ಸೊಪ್ಪು, ಹಾಲಿನಲ್ಲೂ ಇದೆ.

ಈಗ ಮಾಡಬೇಕಾದ್ದು: ನಿಮ್ಮ ವೈದ್ಯರಿಗೆ ಆ ಮಾತ್ರೆಯ ವಿಷಯ ಹೇಳಿ. ಅದೇ ಔಷಧಿಯ ನುಂಗುವ ಮಾತ್ರೆಯಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಮ್ಮಿ. ಸೂಪನ್ನು ಮನೆಯಲ್ಲೇ ತರಕಾರಿ ಹಾಕಿ ಮಾಡಿಕೊಳ್ಳಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಒಂದು ತಿಂಗಳ ಮೇಲೆ ಮತ್ತೆ ಬಿ.ಪಿ. ನೋಡಿಸಿ, ನನಗೂ ಬರೆಯಿರಿ.

ಸಾದಾ ಉಪ್ಪಿನ ಬದಲು ಗುಲಾಬಿ ಬಣ್ಣದ ಕಲ್ಲುಪ್ಪು, ಇಲ್ಲಾಂದ್ರೆ ಸಮುದ್ರದ ಉಪ್ಪು ಬಳಸಿದರೆ ಒಳ್ಳೆಯದಂತೆ. ಅದರಲ್ಲಿ ಬೇರೆ ಬೇರೆ ಖನಿಜ ಇರುತ್ತವಂತೆ. ಹೌದಾ?

ಇರುತ್ತವೆ, ಆದರೆ ಲೆಕ್ಕಕ್ಕಿಲ್ಲದಷ್ಟು. ಗುಲಾಬಿ ಉಪ್ಪಿನಲ್ಲೂ ನೂರಕ್ಕೆ 97-98 ಪಾಲು ಅದೇ ಸೋಡಿಯಂ ಕ್ಲೋರೈಡ್. ಆ ಬಣ್ಣ ಮುಖ್ಯವಾಗಿ ಒಂದಿಷ್ಟು ಕಬ್ಬಿಣದ ಅಂಶದ್ದು. ಆ ಕಬ್ಬಿಣಕ್ಕಾಗಿ ಉಪ್ಪು ತಿಂದರೆ ಎಷ್ಟು ಕಿಲೋ ತಿನ್ನಬೇಕಾದೀತು, ಯೋಚನೆ ಮಾಡಿ. ಒಂದು ಹಿಡಿ ಬೇಳೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಕೊಡುತ್ತದೆ.

ನನಗೆ ಚಿಂತೆ ಇರುವುದು ಅಯೋಡಿನ್ ಬಗ್ಗೆ. ಬೇರೆಯಾಗಿ ಸೇರಿಸದೆ ಇದ್ದರೆ ಈ ಉಪ್ಪುಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರದ ಉಪ್ಪಿನಲ್ಲಿ ಇದ್ದೇ ಇರುತ್ತದೆ ಅಂತ ಬಹಳ ಜನ ನಂಬಿದ್ದಾರೆ, ಅದೂ ನಿಜವಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೊಗ್ರಾಂ, ಗರ್ಭಿಣಿಯರಿಗೆ 250. ಎಷ್ಟು ಚಿಕ್ಕ ಅಳತೆ ಅಲ್ವಾ? ಅಷ್ಟು ಸಿಗದೆ ಹೋದರೆ ಕತ್ತಿನಲ್ಲಿ ಗಳಗಂಡ ಬರುತ್ತದೆ, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1922ರಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸಲು ಶುರು ಮಾಡಿದ್ದು ಇದೇ ಕಾರಣಕ್ಕೆ. ಉಪ್ಪು ಕಡಿಮೆ ತಿನ್ನಿ, ತಿನ್ನುವಷ್ಟು ಅಯೋಡಿನ್ ಇರುವುದನ್ನೇ ತಿನ್ನಿ. ಮನೆಯಲ್ಲಿ ಬಸುರಿ ಇದ್ದರಂತೂ ಈ ವಿಷಯದಲ್ಲಿ ಹೊಸ ಪ್ರಯೋಗ ಬೇಡವೇ ಬೇಡ.

ಹಾಂ, ದಪ್ಪ ಹರಳಿನ ಉಪ್ಪು ಒಂದು ಚಮಚಕ್ಕೆ ತೂಕದಲ್ಲಿ ಸ್ವಲ್ಪ ಕಡಿಮೆ ಹಿಡಿಯುತ್ತದೆ, ಮಧ್ಯೆ ಜಾಗ ಉಳಿಯುತ್ತದಲ್ಲ, ಅದಕ್ಕೆ. ತೂಕ ಮಾಡಿದರೆ ಎಲ್ಲವೂ ಒಂದೇ.

ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಸಿಗುತ್ತದೆ. ನಮ್ಮ ಮಾವನವರಿಗೆ ಬಿ.ಪಿ. ಇದೆ, ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಅಂತ ಹೇಳಿದ್ದಾರೆ. ಮನೆಮಂದಿಗೆಲ್ಲ ಅದನ್ನೇ ಬಳಸೋಣ ಅಂತ ನನ್ನ ಆಸೆ. ಬಳಸಬಹುದಾ?

ನಿಮ್ಮ ಮಾವನವರಿಗೆ ಬೇಡ. ಅವರ ವೈದ್ಯರು ರಕ್ತ ಪರೀಕ್ಷೆ ನೋಡಿ ಆಗಲಿ ಅನ್ನುವವರೆಗೂ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ರಿಯಾಟಿನಿನ್ ಅಂದರೆ ಮೂತ್ರಪಿಂಡ ರಕ್ತದಿಂದ ಹೊರಹಾಕಬೇಕಾದ ಒಂದು ತ್ಯಾಜ್ಯ. ಅದು ಜಾಸ್ತಿ ಇದೆ ಅಂದರೆ ಮೂತ್ರಪಿಂಡ ಸೋತಿರಬಹುದು.

ಆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಸೋಡಿಯಂ, ಪೊಟ್ಯಾಸಿಯಂ ಎರಡೂ ಒಂದೇ ಮನೆಯ ಮಕ್ಕಳಿದ್ದಂತೆ. 1807ರಲ್ಲಿ ಹಂಫ್ರಿ ಡೇವಿ ಕೆಲವೇ ದಿನಗಳ ಅಂತರದಲ್ಲಿ ಎರಡನ್ನೂ ಬೇರ್ಪಡಿಸಿ ತೋರಿಸಿದ್ದರು. ಆದರೆ ದೇಹದಲ್ಲಿ ಇವುಗಳ ಕೆಲಸ ಬೇರೆ. ಸೋಡಿಯಂ ಹೆಚ್ಚಾಗಿ ಜೀವಕೋಶದ ಹೊರಗಿರುತ್ತದೆ, ಪೊಟ್ಯಾಸಿಯಂ ಒಳಗಿರುತ್ತದೆ.

ಮೂತ್ರಪಿಂಡ ಚೆನ್ನಾಗಿರುವ ದೊಡ್ಡವರಿಗೆ ಈ ಉಪ್ಪು ನಿಜಕ್ಕೂ ಒಳ್ಳೆಯದು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಮಾಡಿದ ಒಂದು ದೊಡ್ಡ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹಿಂದೆ ಪಾರ್ಶ್ವವಾಯು ಆಗಿದ್ದವರು, ಇಲ್ಲವೇ 60 ದಾಟಿ ಬಿ.ಪಿ. ಇದ್ದವರು ಅವರು. ಅರ್ಧ ಹಳ್ಳಿಗಳಿಗೆ ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಕೊಟ್ಟರು. ಐದು ವರ್ಷದ ಹತ್ತಿರ ನೋಡಿದಾಗ ಆ ಹಳ್ಳಿಗಳಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆ ಆಗಿತ್ತು. ಉಪ್ಪಿನ ಡಬ್ಬಿ ಬದಲಿಸಿದ್ದಕ್ಕೆ ಇಷ್ಟು! ಆದರೆ ಮೂತ್ರಪಿಂಡದ ಗಂಭೀರ ಕಾಯಿಲೆ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪಿನ ಪರವಾಗಿ ಸಲಹೆ ಕೊಟ್ಟಾಗಲೂ ಮಕ್ಕಳು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರನ್ನು ಬಿಟ್ಟೇ ಹೇಳಿತು.

ಯಾಕೆಂದರೆ ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ಒಳಗೇ ಇರಬೇಕು. ಹೆಚ್ಚಾದದ್ದನ್ನು ಹೊರಹಾಕುವುದು ಮೂತ್ರಪಿಂಡ. ಅದು ಸೋತಿದ್ದರೆ ಪೊಟ್ಯಾಸಿಯಂ ಏರುತ್ತಾ ಹೋಗಿ ಹೃದಯದ ಬಡಿತವೇ ತಪ್ಪಬಹುದು. ಕೆಲವು ಬಿ.ಪಿ. ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ನಿಮ್ಮ ಮಾವನವರ ಮಾತ್ರೆಯ ಹೆಸರು "ಪ್ರಿಲ್" ಅಥವಾ "ಸಾರ್ಟನ್" ಅಂತ ಮುಗಿಯುತ್ತದಾ, ನೋಡಿ. ಸ್ಪೈರೊನೊಲ್ಯಾಕ್ಟೋನ್ ಇದ್ದರೆ ಇನ್ನೂ ಹುಷಾರು.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬರು ಹಿರಿಯರು ಬಂದರು. ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಿ ಏಳುತ್ತಿದ್ದರು. ಕಾಲಿನಲ್ಲಿ ಶಕ್ತಿಯೇ ಇಲ್ಲ ಅಂದರು. ಸೊಸೆ ಪ್ರೀತಿಯಿಂದ ಇದೇ ಉಪ್ಪು ಹಾಕಿ ಅಡುಗೆ ಮಾಡುತ್ತಿದ್ದರು. ಅವರ ಫೈಲಿನಲ್ಲಿದ್ದ ಹಳೆಯ ಕ್ರಿಯಾಟಿನಿನ್ ಅಂಕಿ ನೋಡಿ ನನಗೆ ಗಾಬರಿಯಾಯಿತು, ಆಗಲೇ ರಕ್ತ ಪರೀಕ್ಷೆಗೆ ಕಳಿಸಿದೆ. ಪೊಟ್ಯಾಸಿಯಂ 6.7 ಬಂತು. ಅಂದೇ ಆಸ್ಪತ್ರೆಗೆ ಸೇರಿಸಿದೆವು, ಉಳಿದುಕೊಂಡರು. ಆ ಸೊಸೆ ಬಾಗಿಲ ಬಳಿ ನಿಂತು ಅತ್ತಿದ್ದು ನನಗೆ ಇವತ್ತಿಗೂ ನೆನಪಿದೆ. ಅವರ ತಪ್ಪೇನೂ ಇರಲಿಲ್ಲ. ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆದೆ.

ನಿಮ್ಮ ಮಾವನವರ ಅಡುಗೆಗೆ ಸಾದಾ ಉಪ್ಪನ್ನೇ ಕಡಿಮೆ ಹಾಕಿ. ಹುಳಿ, ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿ ಸೊಪ್ಪಿನಿಂದ ರುಚಿ ತನ್ನಿ.

ನನ್ನ ಗೆಳೆಯ ಉಪ್ಪು ವಿಷ ಅಂತ ಪೂರ್ತಿ ಬಿಟ್ಟಿದ್ದಾನೆ. ಉಪ್ಪಿಲ್ಲದೆ ಮನುಷ್ಯ ಬದುಕಬಹುದಾ?

ಡಬ್ಬಿಯ ಉಪ್ಪಿಲ್ಲದೆ ಬದುಕಬಹುದು, ಸೋಡಿಯಂ ಇಲ್ಲದೆ ಆಗುವುದಿಲ್ಲ. ನರ ಸಂದೇಶ ಕಳಿಸುವುದಕ್ಕೆ, ಸ್ನಾಯು ಕುಗ್ಗಿ ಹಿಗ್ಗುವುದಕ್ಕೆ ಅದು ಬೇಕೇ ಬೇಕು. ಆದರೆ ಬೇಕಾದ್ದು ದಿನಕ್ಕೆ 500 ಮಿ.ಗ್ರಾಂಗಿಂತ ಕಡಿಮೆ. ಹಾಲು, ಮೊಟ್ಟೆ, ಸೊಪ್ಪಿನಲ್ಲೂ ಸ್ವಲ್ಪ ಸ್ವಲ್ಪ ಇದೆ.

ಅಮೆಜಾನ್ ಕಾಡಿನ ಯಾನೊಮಾಮಿ ಜನ ಉಪ್ಪು ಸೇರಿಸಿ ತಿಂದವರೇ ಅಲ್ಲ. 1988ರಲ್ಲಿ ಪ್ರಕಟವಾದ, 32 ದೇಶಗಳ 10,079 ಜನರ ಅಧ್ಯಯನದಲ್ಲಿ ಅವರೂ ಇದ್ದರು. ಅವರ ಸರಾಸರಿ ಬಿ.ಪಿ. ಸುಮಾರು 96/61. ವಯಸ್ಸಾದರೂ ಏರುತ್ತಿರಲಿಲ್ಲ. ಆದರೆ ಅವರ ದೇಹ ಹುಟ್ಟಿದಾಗಿನಿಂದ ಇದಕ್ಕೆ ಒಗ್ಗಿಕೊಂಡಿದೆ. ಉಪ್ಪು ಹಿಡಿದಿಡುವ ಹಾರ್ಮೋನು ಅವರಲ್ಲಿ ತುಂಬಾ ಜಾಸ್ತಿ. ನಿಮ್ಮ ಗೆಳೆಯ ಯುವಕ, ಆರೋಗ್ಯವಾಗಿದ್ದಾನೆ, ಯಾವ ಮಾತ್ರೆಯೂ ಇಲ್ಲ ಅಂದರೆ ತಕ್ಷಣಕ್ಕೆ ಭಯವಿಲ್ಲ. ಹಾಗಂತ ಅವನ ದಾರಿ ಎಲ್ಲರದ್ದೂ ಅಲ್ಲ. ಯಾಕೆ ಅನ್ನುವುದು ಮುಂದಿನ ಪ್ರಶ್ನೆಯಲ್ಲಿದೆ.

ನಮ್ಮ ತಾಯಿಗೆ 76 ವರ್ಷ. ಬಿ.ಪಿ.ಗೆ ನೀರು ಹೋಗುವ ಮಾತ್ರೆ ಕೊಟ್ಟಿದ್ದಾರೆ. ಒಂದು ತಿಂಗಳಿಂದ ಉಪ್ಪು ಪೂರ್ತಿ ಬಿಟ್ಟಿದ್ದಾರೆ. ಊಟವೂ ಕಮ್ಮಿ. ಈಗ ಹದಿನೈದು ದಿನದಿಂದ ತುಂಬಾ ಸುಸ್ತು, ನಡೆಯುವಾಗ ತೂರಾಡುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ವಯಸ್ಸಿನ ಮರೆವು ಅಂದುಕೊಂಡಿದ್ದೇವೆ.

ನಿಮ್ಮ ಪತ್ರ ಓದಿದ ಕೂಡಲೇ, ಈ ಸಂಚಿಕೆಗೆ ಕಾಯದೆ, ಇವರಿಗೆ ಇವತ್ತೇ ರಕ್ತದ ಸೋಡಿಯಂ ನೋಡಿಸಿ ಅಂತ ನಿಮಗೆ ಹೇಳಿ ಕಳಿಸಿದೆ. ಬೇರೆ ಓದುಗರಿಗೂ ಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದು ನನ್ನ ಅಮ್ಮನ ಕಥೆಯೂ ಹೌದು.

ಅಮ್ಮನಿಗೆ ಆಗ 74. ಬಿ.ಪಿ.ಗೆ ಥಯಾಜೈಡ್ ಜಾತಿಯ, ಅಂದರೆ ನೀರು ಹೋಗುವ ಮಾತ್ರೆ ಶುರು ಮಾಡಿದ್ದರು. "ಉಪ್ಪು ಕಮ್ಮಿ ಮಾಡಮ್ಮ, ನೀರು ಚೆನ್ನಾಗಿ ಕುಡಿ" ಅಂತ ಹೇಳಿದ್ದು ನಾನೇ. ಅಮ್ಮ ಏನೇ ಮಾಡಿದರೂ ಪೂರ್ತಿ ಮಾಡುವವಳು. ಉಪ್ಪನ್ನು ಬಿಟ್ಟೇ ಬಿಟ್ಟಳು. ಸಪ್ಪೆ ಊಟ ಸೇರದೆ ಊಟವನ್ನೂ ಕಮ್ಮಿ ಮಾಡಿದಳು. ಎರಡು ಹೊತ್ತು ಚಹಾ, ಒಂದಿಷ್ಟು ಹಣ್ಣು, ಮತ್ತೆ ಬಾಟಲಿಗಟ್ಟಲೆ ನೀರು. ನಾನು ಹೇಳಿದ್ದೆನಲ್ಲ.

ಮೂರನೇ ವಾರ ಒಂದು ಬೆಳಿಗ್ಗೆ ಬೀಗದ ಕೈ ಸಿಗಲಿಲ್ಲ. ಮನೆಯೆಲ್ಲ ಹುಡುಕಿದೆವು. ಕೊನೆಗೆ ಸಕ್ಕರೆ ಡಬ್ಬಿಯೊಳಗೆ ಸಿಕ್ಕಿತು. ಅಮ್ಮನೇ ಇಟ್ಟಿದ್ದಳು, ನೆನಪಿರಲಿಲ್ಲ. ಮಾರನೇ ದಿನ ನನ್ನನ್ನು ಚಿಕ್ಕಮ್ಮನ ಹೆಸರು ಹಿಡಿದು ಕರೆದಳು. ವಯಸ್ಸಾಯಿತು ಅಂತ ನಾನೂ ಅಂದುಕೊಂಡೆ. ಹಾಗೆ ಮೂರು ದಿನ ಕಳೆದೆ. ನಾಲ್ಕನೇ ದಿನ ಬಚ್ಚಲಮನೆಯ ಬಾಗಿಲಲ್ಲಿ ಬಿದ್ದಳು. ಆಸ್ಪತ್ರೆಯಲ್ಲಿ ನೋಡಿದರೆ ಸೋಡಿಯಂ 119. ಇರಬೇಕಾದ್ದು 135ರಿಂದ 145. ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ: ಯಾವ ಮಾತ್ರೆ ಕೊಡುತ್ತಿದ್ದೀರಿ, ಏನು ತಿನ್ನುತ್ತಾರೆ. ಎರಡಕ್ಕೂ ಉತ್ತರ ಕೊಡುವಾಗ ನನಗೆ ಎಲ್ಲ ಅರ್ಥವಾಯಿತು.

ರಕ್ತದಲ್ಲಿ ಸೋಡಿಯಂ ಇಳಿದಿದೆ ಅಂದರೆ ಬಹಳ ಸಲ ಉಪ್ಪು ಕಮ್ಮಿ ಅನ್ನುವುದಕ್ಕಿಂತ ನೀರು ಜಾಸ್ತಿ ಅಂತ ಅರ್ಥ. ಥಯಾಜೈಡ್ ಮಾತ್ರೆ, ಮೂತ್ರವನ್ನು ತೆಳ್ಳಗೆ ಮಾಡಿ ನೀರನ್ನಷ್ಟೇ ಹೊರಹಾಕುವ ಮೂತ್ರಪಿಂಡದ ಶಕ್ತಿಯನ್ನು ತಗ್ಗಿಸುತ್ತದೆ. ಊಟವೇ ಕಮ್ಮಿಯಾದರೆ ಆ ಶಕ್ತಿ ಇನ್ನೂ ಕುಗ್ಗುತ್ತದೆ. ನೀರಿನ ಜೊತೆ ಹೊರಹೋಗಲು ಒಂದಿಷ್ಟು ಉಪ್ಪು, ಪ್ರೊಟೀನಿನ ತ್ಯಾಜ್ಯ ಬೇಕಾಗುತ್ತದೆ, ಅದೇ ಇರುವುದಿಲ್ಲ. ಕುಡಿದ ನೀರು ಒಳಗೇ ನಿಲ್ಲುತ್ತದೆ, ಮಿದುಳಿನ ಕೋಶಗಳು ಊದಿಕೊಳ್ಳುತ್ತವೆ. ಮರೆವು, ತೂರಾಟ, ಸುಸ್ತು, ವಾಕರಿಕೆ. ಇನ್ನೂ ಇಳಿದರೆ ಫಿಟ್ಸ್ ಬರುತ್ತದೆ.

ಇದನ್ನು ಮನೆಯಲ್ಲಿ ಉಪ್ಪು ನೀರು ಕುಡಿಸಿ ಸರಿ ಮಾಡಲು ಹೋಗಬೇಡಿ. ತುಂಬಾ ಬೇಗ ಏರಿದರೂ ಮಿದುಳಿಗೆ ಹಾನಿ. ಅಮ್ಮನಿಗೆ ಆರಾರು ಗಂಟೆಗೊಮ್ಮೆ ರಕ್ತ ನೋಡಿ, ಮೆಲ್ಲಗೆ, ನಾಲ್ಕು ದಿನ ಹಿಡಿದು ಏರಿಸಿದರು. ನಾಲ್ಕನೇ ದಿನ ಸಂಜೆ ಅಮ್ಮ ನನ್ನ ಹೆಸರು ಹಿಡಿದು ಕರೆದು, "ಊಟ ಆಯ್ತೇನೇ?" ಅಂದಳು. ಮಾತ್ರೆ ಬದಲಾಯಿತು. ಈಗ ಅವಳ ಅಡುಗೆಯಲ್ಲಿ ಅಳತೆಯ ಉಪ್ಪಿದೆ. ಅದನ್ನು ನಾನೇ ತೂಗಿ ಇಡುತ್ತೇನೆ.

ನಿಮ್ಮ ತಾಯಿಯ ಮಾತ್ರೆ ನಿಲ್ಲಿಸಬೇಕಾ ಬದಲಿಸಬೇಕಾ ಅನ್ನುವುದನ್ನು ವೈದ್ಯರು ಹೇಳಲಿ. ಮಂಪರು ಬಂದರೆ, ಮಾತು ತೊದಲಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ವಯಸ್ಸಾದವರಲ್ಲಿ ಕೆಲವೇ ದಿನಗಳಲ್ಲಿ ಶುರುವಾದ ಮರೆವನ್ನು ದಯವಿಟ್ಟು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ.

ನಾನು ಮ್ಯಾರಥಾನ್ ಓಡುತ್ತೇನೆ. ಬೆವರಿನಲ್ಲಿ ಉಪ್ಪು ಹೋಗುತ್ತದೆ, ಆದ್ದರಿಂದ ಓಡುವಾಗ ನೀರು ಎಷ್ಟು ಸಾಧ್ಯವೋ ಅಷ್ಟು ಕುಡಿ ಅಂತಾರೆ. ಸರಿಯಾ?

ಸರಿಯಲ್ಲ. ಮೇಲಿನ ಉತ್ತರದಲ್ಲಿ ಹೇಳಿದ್ದೇ ಇಲ್ಲೂ ಆಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಓಡಿ ಮುಗಿಸಿದ 488 ಜನರ ರಕ್ತ ನೋಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಇಳಿದಿತ್ತು. ಓಡುತ್ತಾ ಓಡುತ್ತಾ ತೂಕ ಜಾಸ್ತಿ ಆದವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಇದು ಹೆಚ್ಚು. ಕ್ರೀಡಾ ಪಾನೀಯ ಕುಡಿದರೆ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ, ಅದರಲ್ಲಿರುವ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ತುಂಬಾ ಕಡಿಮೆ. ಬಾಯಾರಿದಾಗ ಕುಡಿಯಿರಿ. ಅಭ್ಯಾಸದ ದಿನ ಓಟಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಕ ನೋಡಿಕೊಳ್ಳಿ. ಆಮೇಲಿನ ತೂಕ ಜಾಸ್ತಿ ಬಂದರೆ ನೀರು ಹೆಚ್ಚಾಯಿತು ಅಂತಲೇ.

ನನಗೆ 44. ಬೆಳಿಗ್ಗೆ ಥೈರಾಯ್ಡ್ ಮಾತ್ರೆ. ಅರ್ಧ ಗಂಟೆ ಬಿಟ್ಟು ಕಾಫಿ ಜೊತೆ ಕ್ಯಾಲ್ಸಿಯಂ, ಕಬ್ಬಿಣ, 50 ಮಿ.ಗ್ರಾಂ ಜಿಂಕ್, ರಾತ್ರಿ ಕಾಲು ಹಿಡಿಯುತ್ತೆ ಅಂತ ಮೆಗ್ನೀಸಿಯಂ, ಎಲ್ಲ ಒಟ್ಟಿಗೆ ನುಂಗುತ್ತೇನೆ. ಒಂದು ವರ್ಷ ಆಯಿತು. ಆದರೂ ಸುಸ್ತು ಹೋಗಿಲ್ಲ.

ಇಷ್ಟು ಶ್ರದ್ಧೆಯಿಂದ ತೆಗೆದುಕೊಳ್ಳುತ್ತಿದ್ದೀರಿ, ಆದರೆ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತಿದೆ. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಥೈರಾಯ್ಡ್ ಮಾತ್ರೆಯನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ, ಮಧ್ಯೆ ನಾಲ್ಕು ಗಂಟೆ ಅಂತರ ಬೇಕು. ನಿಮ್ಮ ಸುಸ್ತಿಗೆ ಇದೇ ಕಾರಣ ಇರಬಹುದು, ಥೈರಾಯ್ಡ್ ಪರೀಕ್ಷೆ ಮತ್ತೆ ಮಾಡಿಸಿ. ಕಬ್ಬಿಣಕ್ಕೆ ಕಾಫಿಯೂ ಅಡ್ಡಿ, ಕ್ಯಾಲ್ಸಿಯಂ ಕೂಡ ಅಡ್ಡಿ. ಅದನ್ನು ಬೇರೆ ಹೊತ್ತಿನಲ್ಲಿ, ನಿಂಬೆ ಅಥವಾ ಕಿತ್ತಳೆ ರಸದ ಜೊತೆ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ, ಒಂದು ಸಲಕ್ಕೆ 500 ಮಿ.ಗ್ರಾಂ ಮೀರದಂತೆ.

ಜಿಂಕ್ ಬಗ್ಗೆ ನನಗೆ ನಿಜವಾಗಿ ಆತಂಕ ಇದೆ. ದೊಡ್ಡವರಿಗೆ ದಿನಕ್ಕೆ 40 ಮಿ.ಗ್ರಾಂ ಮೇಲ್ಮಿತಿ. ಅದಕ್ಕಿಂತ ಹೆಚ್ಚು ತಿಂಗಳುಗಟ್ಟಲೆ ತಿಂದರೆ ದೇಹದಲ್ಲಿ ತಾಮ್ರ ಕಡಿಮೆ ಆಗುತ್ತದೆ. ತಾಮ್ರ ಕಡಿಮೆಯಾದರೆ ರಕ್ತಹೀನತೆ, ನರಗಳಿಗೆ ತೊಂದರೆ. ಅದನ್ನು ಯಾರು, ಯಾಕೆ ಬರೆದುಕೊಟ್ಟರು ಅಂತ ಕೇಳಿ, ಕಾರಣ ಇಲ್ಲದಿದ್ದರೆ ಬಿಡಿ.

ಮೆಗ್ನೀಸಿಯಂ ವಯಸ್ಸಾದವರ ಕಾಲು ಹಿಡಿತಕ್ಕೆ ಸಹಾಯ ಮಾಡುತ್ತದೆಯಾ ಅಂತ ಹಲವು ಪ್ರಯೋಗ ನಡೆದಿವೆ. ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಮಲಗುವ ಮುಂಚೆ ಮೀನಖಂಡ ಎಳೆದು ವ್ಯಾಯಾಮ ಮಾಡಿ ನೋಡಿ. ಮೆಗ್ನೀಸಿಯಂ ಊಟದಿಂದ ಬರಲಿ: ಬಾದಾಮಿ, ಕುಂಬಳ ಬೀಜ, ಸೊಪ್ಪು, ಪಾಲಿಶ್ ಮಾಡದ ಧಾನ್ಯ.

ಇನ್ನೊಂದು ವಿಷಯ, ಮೂಳೆಗೆ ಅಂತ ಕ್ಯಾಲ್ಸಿಯಂ ನುಂಗುವ ಎಲ್ಲರಿಗೂ. ಸೋಡಿಯಂ ಮೂತ್ರದಲ್ಲಿ ಹೋಗುವಾಗ ಕ್ಯಾಲ್ಸಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ. 2,300 ಮಿ.ಗ್ರಾಂ ಸೋಡಿಯಂ ಹೊರಹೋದರೆ ಸುಮಾರು 40 ಮಿ.ಗ್ರಾಂ ಕ್ಯಾಲ್ಸಿಯಂ ಜೊತೆಗೆ ಹೋಗುತ್ತದೆ. ತಿಂದ ಕ್ಯಾಲ್ಸಿಯಂನಲ್ಲಿ ದೇಹಕ್ಕೆ ಸೇರುವುದೇ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಹಾಗಾಗಿ ಆ 40 ಚಿಕ್ಕದಲ್ಲ. ಮೂತ್ರದಲ್ಲಿ ಕಲ್ಲು ಆಗುವವರಿಗೆ ಉಪ್ಪು ಕಮ್ಮಿ ಮಾಡಿ ಅನ್ನುವುದಕ್ಕೂ ಇದೇ ಕಾರಣ.

ಮನೆಯಲ್ಲಿ ಎಂಟು ತಿಂಗಳ ಮಗು, ಒಂಬತ್ತು ವರ್ಷದ ಮಗ ಇದ್ದಾರೆ. ಮಗನಿಗೆ ಚಿಪ್ಸ್, ನೂಡಲ್ಸ್ ಅಂದರೆ ಪ್ರಾಣ. ಮನೆ ಊಟದಲ್ಲಿ ಉಪ್ಪು ಕಮ್ಮಿ ಮಾಡಿದರೆ ತಟ್ಟೆ ತಳ್ಳುತ್ತಾನೆ. ಏನು ಮಾಡಲಿ?

ಮಗುವಿಗೆ ಒಂದು ವರ್ಷ ತುಂಬುವವರೆಗೆ ಉಪ್ಪು ಬೇಕಾಗಿಲ್ಲ. ಅದರ ಪಾಲನ್ನು ಉಪ್ಪು ಹಾಕುವ ಮುಂಚೆಯೇ ಬೇರೆ ತೆಗೆದಿಡಿ. ನಿಮಗೆ ಸಪ್ಪೆ ಅನ್ನಿಸುವುದು ಅದಕ್ಕೆ ಸಪ್ಪೆ ಅಲ್ಲ. ಆ ರುಚಿಯೇ ಇನ್ನೂ ಅದಕ್ಕೆ ಗೊತ್ತಿಲ್ಲ.

ದೊಡ್ಡವನಿಗೆ ಒಮ್ಮೆಲೇ ಕಮ್ಮಿ ಮಾಡಬೇಡಿ. ನಾಲಿಗೆ ಕಲಿತ ರುಚಿಯನ್ನು ಮರೆಯಲು ಕೆಲವು ವಾರ ಬೇಕು, ಎರಡು ಮೂರು ತಿಂಗಳೂ ಆಗಬಹುದು. ವಾರಕ್ಕೆ ಹತ್ತನೇ ಒಂದು ಪಾಲು ಇಳಿಸಿ, ಅವನ ಮುಂದೆ ಹೇಳಬೇಡಿ. ನೂಡಲ್ಸ್ ಮಾಡಿದಾಗ ಮಸಾಲೆ ಪೊಟ್ಟಣದ ಅರ್ಧ ಮಾತ್ರ ಹಾಕಿ. ಉಪ್ಪೆಲ್ಲ ಇರುವುದು ಹೆಚ್ಚಾಗಿ ಅದರಲ್ಲೇ. ಉಳಿದರ್ಧ ಎತ್ತಿಡಬೇಡಿ, ಎಸೆದುಬಿಡಿ. ಚಿಪ್ಸ್ ಮನೆಗೆ ತಂದಿಡದಿದ್ದರೆ ಅರ್ಧ ಜಗಳ ಕಮ್ಮಿ. ನಾವೇ ತಿನ್ನುತ್ತಾ ಅವನಿಗೆ ಬೇಡ ಅನ್ನುವುದು ಮಾತ್ರ ನಡೆಯುವುದಿಲ್ಲ.

ಮನೆಯಲ್ಲಿ ಎಷ್ಟು ಉಪ್ಪು ಖರ್ಚಾಗುತ್ತಿದೆ ಅಂತ ತಿಳಿಯಲು ತಕ್ಕಡಿಯೂ ಬೇಡ. ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ಮುಗಿದ ದಿನ ಇನ್ನೊಂದು ತಾರೀಕು. ನಾಲ್ಕು ಜನ ದೊಡ್ಡವರ ಮನೆಯಲ್ಲಿ ತಲೆಗೆ 5 ಗ್ರಾಂ ಅಂದರೆ ದಿನಕ್ಕೆ 20 ಗ್ರಾಂ, ಅಂದರೆ ಪ್ಯಾಕೆಟ್ 50 ದಿನ ಬರಬೇಕು. ಹೊರಗಿನ ತಿಂಡಿಯ ಉಪ್ಪು ಬೇರೆ ಇರುವುದರಿಂದ ಇನ್ನೂ ಜಾಸ್ತಿ ದಿನ ಬಂದರೇ ಒಳ್ಳೆಯದು. ನಿಮ್ಮ ಮನೆಯಲ್ಲಿ ಇಬ್ಬರೂ ಚಿಕ್ಕವರು, ಅವರಿಗೆ ಬೇಕಾದ್ದೇ ಕಮ್ಮಿ, ಅದಕ್ಕೆ ನಿಮ್ಮದು ಮತ್ತಷ್ಟು ದಿನ ಬರಬೇಕು. ಈ ಪ್ರಶ್ನೆ ಕಳಿಸಿದವರು ಮಾತ್ರವಲ್ಲ, ಓದಿದವರೆಲ್ಲರೂ ಇದನ್ನು ಮಾಡಿ ನೋಡಿ. ಪ್ಯಾಕೆಟ್ ಎಷ್ಟು ದಿನ ಬಂತು, ಮನೆಯಲ್ಲಿ ಎಷ್ಟು ಜನ ಅಂತ ಬರೆದು ಕಳಿಸಿ. ಬಂದ ಪತ್ರಗಳ ಲೆಕ್ಕವನ್ನು ಮುಂದಿನ ಸಂಚಿಕೆಯೊಂದರಲ್ಲಿ ಕೂತು ನೋಡೋಣ.